ಲಾರಿ ಡ್ರೈವರ್‌ನ ಎಂಟು ಗಂಟೆ ಎಲ್ಲಿ ಹೋಯಿತು?

ಬೆಳಗಿನ ಜಾವ ನಾಲ್ಕು ಗಂಟೆ. ನೆಲಮಂಗಲದ ಹತ್ತಿರ ಹೆದ್ದಾರಿ ಪಕ್ಕದ ಡಾಬಾ. ಲಾರಿಯಿಂದ ಇಳಿದ ಡ್ರೈವರ್ ಒಂದು ಕೋಲು ಹಿಡಿದು ಟೈರುಗಳಿಗೆ ಒಂದೊಂದಾಗಿ ಬಡಿಯುತ್ತ ಸುತ್ತು ಬಂದ. ಸದ್ದಿನಲ್ಲೇ ಗಾಳಿ ಎಷ್ಟಿದೆ ಎಂದು ಗೊತ್ತಾಗುತ್ತದಂತೆ. ತಾಡಪಾಲಿನ ಹಗ್ಗ ಜಗ್ಗಿ ನೋಡಿ, ಆಮೇಲೆ ಚಹಾಕ್ಕೆ ಕೂತ.

“ಎಲ್ಲಿಂದ ಬಂದ್ರಿ ಅಣ್ಣಾ?”

“ನಿನ್ನೆ ಮುಂಜಾನೆ ಪುಣೆ ಬಿಟ್ಟೀನ್ರಿ. ಹಾವೇರಿ ಹತ್ರ ಎರಡ್ ತಾಸು ಅಡ್ಡಾಗಿದ್ದೆ, ಅಷ್ಟ.”

ಕಾನೂನು ಪುಸ್ತಕ ತೆರೆದರೆ ಈತನಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ. 5 ಗಂಟೆ ದಾಟುವ ಮೊದಲು ಕನಿಷ್ಠ ಅರ್ಧ ಗಂಟೆ ಬಿಡುವು. ದೂರದ ಹಾದಿಯಾದರೆ ಅನುಮತಿ ಪಡೆದು ದಿನಕ್ಕೆ 10, ವಾರಕ್ಕೆ 54 ಗಂಟೆಯವರೆಗೆ ಹೋಗಬಹುದಿತ್ತು. ಈ ನಿಯಮ ನಿನ್ನೆ ಮೊನ್ನೆ ಬಂದದ್ದಲ್ಲ, 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು. ಅದಕ್ಕೂ ಮೊದಲು, ಬ್ರಿಟಿಷರ ಕಾಲದ 1939ರ ಮೋಟಾರು ವಾಹನ ಕಾಯ್ದೆಯೇ ಚಾಲಕರ ಗಂಟೆಗಳಿಗೆ ಮಿತಿ ಹಾಕಿತ್ತು. ಅಂದರೆ ಡ್ರೈವರ್‌ಗೂ ನಿದ್ದೆ ಬೇಕು ಎಂಬುದು ಸರ್ಕಾರಕ್ಕೆ ಸ್ವಾತಂತ್ರ್ಯಕ್ಕಿಂತ ಮುಂಚೆಯೇ ಗೊತ್ತಿತ್ತು.

1961ರ ಕಾಯ್ದೆ ಬರೆದವರ ಕಣ್ಣಮುಂದೆ ಇದ್ದದ್ದು ದೊಡ್ಡ ಸಂಸ್ಥೆ ಎಂದು ನನಗನ್ನಿಸುತ್ತದೆ: ಒಂದು ಡಿಪೋ, ಒಬ್ಬ ಮ್ಯಾನೇಜರ್, ಹಾಜರಿ ಪುಸ್ತಕ. ಹಾಗಾಗಿಯೇ ಐದು ಅಥವಾ ಹೆಚ್ಚು ಕೆಲಸಗಾರರಿರುವ ಕಡೆಗೆ ಮಾತ್ರ ಅದು ಅನ್ವಯಿಸುತ್ತಿತ್ತು. ಸರ್ಕಾರಿ ಬಸ್ಸಿಗೆ ಈ ಅಂಗಿ ಸರಿಯಾಗಿ ಕೂತಿತು. ಅಲ್ಲಿ ಶೆಡ್ಯೂಲ್ ಇದೆ, ಡ್ಯೂಟಿ ಹತ್ತಿದ್ದು ಇಳಿದದ್ದು ಬರೆಯುವವರಿದ್ದಾರೆ, ಜಗಳಕ್ಕೆ ಯೂನಿಯನ್ ಇದೆ. ಲಾರಿ ಲೋಕದ ಕಥೆ ಬೇರೆ. ಸಾಲ ಮಾಡಿ ಒಂದೋ ಎರಡೋ ಗಾಡಿ ಕೊಂಡ ಮಾಲೀಕ, ಟ್ರಿಪ್ ಲೆಕ್ಕದಲ್ಲಿ ಬತ್ತಾ ಪಡೆಯುವ ಡ್ರೈವರ್, ಜತೆಗೊಬ್ಬ ಕ್ಲೀನರ್. ರಿಜಿಸ್ಟರ್ ಯಾರು ಇಡಬೇಕು? 1988ರ ಮೋಟಾರು ವಾಹನ ಕಾಯ್ದೆಯ 91ನೇ ಸೆಕ್ಷನ್, ಸಾರಿಗೆ ವಾಹನ ಓಡಿಸುವವರ ಕೆಲಸದ ಅವಧಿ 1961ರ ಕಾಯ್ದೆಯಂತೆಯೇ ಎಂದು ಹೇಳಿ ಕೈತೊಳೆದುಕೊಂಡಿತು.

ಇನ್ನು ಕಾಯುವ ಹೊತ್ತು. ಡ್ರೈವರುಗಳ ಜತೆ ಮಾತಿಗೆ ಕೂತರೆ ಓಡಿಸಿದ್ದಕ್ಕಿಂತ ಕಾದ ಕಥೆಯೇ ಹೆಚ್ಚು. ಲೋಡಿಗೆ ಕಾದದ್ದು, ಅನ್‌ಲೋಡಿಗೆ ಕಾದದ್ದು, ನಗರದೊಳಗೆ ನೋ ಎಂಟ್ರಿ ಮುಗಿಯಲೆಂದು ಹೊರಗೆ ಕಾದದ್ದು. 1961ರ ಕಾಯ್ದೆಯ ವ್ಯಾಖ್ಯೆಯಲ್ಲಿ, ಟರ್ಮಿನಲ್‌ನಲ್ಲಿ ಸುಮ್ಮನೆ ಹಾಜರಿದ್ದ ಅವಧಿ 15 ನಿಮಿಷಕ್ಕಿಂತ ಕಡಿಮೆಯಿದ್ದರೆ ಅದು ಕೆಲಸದ ಲೆಕ್ಕಕ್ಕೆ ಸೇರುತ್ತಿತ್ತು. 91ನೇ ಸೆಕ್ಷನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೆಲಸವಿಲ್ಲದಿದ್ದರೂ ವಾಹನದ ಬಳಿಯೇ ಇರಬೇಕಾದ ಹೊತ್ತನ್ನು ಯಾವ ಸಂದರ್ಭದಲ್ಲಿ ವಿಶ್ರಾಂತಿ ಎಂದು ಎಣಿಸಬಹುದು ಎಂಬುದನ್ನು ರಾಜ್ಯ ಸರ್ಕಾರಗಳೇ ಗೊತ್ತುಮಾಡಬಹುದು ಎನ್ನುತ್ತದೆ. ಫ್ಯಾಕ್ಟರಿ ಗೇಟಿನ ಹೊರಗೆ, ಏಪ್ರಿಲ್ ಬಿಸಿಲಲ್ಲಿ, ಡೀಸೆಲ್ ಕದ್ದಾರೆಂದು ಒಂದು ಕಣ್ಣು ತೆರೆದೇ ಲಾರಿ ಅಡಿಯಲ್ಲಿ ಮಲಗಿದವನದು ವಿಶ್ರಾಂತಿಯೋ ಕೆಲಸವೋ? ಕಾದು ಕಾದು ಸುಸ್ತಾದವನು ರಾತ್ರಿಗೆ ಸ್ಟೇರಿಂಗ್ ಹಿಡಿಯುತ್ತಾನೆ.

ಇದಕ್ಕೆ ಪರಿಹಾರವೊಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇತ್ತು. ನ್ಯಾಷನಲ್ ಪರ್ಮಿಟ್, ಅಂದರೆ ರಾಜ್ಯದ ಗಡಿ ದಾಟಿ ಓಡುವ ಪರವಾನಗಿ ಇರುವ ಲಾರಿಯಲ್ಲಿ ಇಬ್ಬರು ಡ್ರೈವರ್ ಇರಬೇಕು, ಚಾಲಕನ ಸೀಟಿನ ಹಿಂದೆ ಇನ್ನೊಬ್ಬ ಕಾಲು ಚಾಚಿ ಮಲಗುವಷ್ಟು ಉದ್ದದ ಸೀಟು ಇರಬೇಕು ಎಂಬುದು 90ನೇ ನಿಯಮ. ರಸ್ತೆಯ ಮೇಲೆ ಕಂಡದ್ದು ಬೇರೆ. ಸೀಟು ಉಳಿಯಿತು, ಎರಡನೇ ಡ್ರೈವರ್ ಬಹಳ ಕಡೆ ಕಾಗದದಲ್ಲಿ ಮಾತ್ರ ಇದ್ದ; ಆ ಜಾಗದಲ್ಲಿ ಕ್ಲೀನರ್ ಮಲಗಿದ. 2018ರಲ್ಲಿ ಇಬ್ಬರು ಡ್ರೈವರ್ ಕಡ್ಡಾಯ ಎಂಬ ಷರತ್ತನ್ನೇ ಕೇಂದ್ರ ಕೈಬಿಟ್ಟಿತು. ಪಾಲಿಸದ ನಿಯಮವನ್ನು ತೆಗೆದರೆ ನಷ್ಟವೇನು ಎನ್ನಬಹುದು. ಆದರೆ ಮಾಲೀಕನ ಮುಂದೆ ಡ್ರೈವರ್ ಎತ್ತಬಹುದಾಗಿದ್ದ ಒಂದೇ ಒಂದು ಮಾತೂ ಅದರೊಂದಿಗೆ ಹೋಯಿತು.

ಬೆಂಗಳೂರಿಂದ ಮುಂಬೈಗೆ ಸುಮಾರು 980 ಕಿ.ಮೀ. ಗಂಟೆಗೆ ಸರಾಸರಿ 40 ಎಂದಿಟ್ಟುಕೊಂಡರೆ ದಿನಕ್ಕೆ 8 ಗಂಟೆಯಂತೆ ಮೂರು ದಿನ ಮೀರುತ್ತದೆ. ಸರಕು ಸಾಗಿಸಲು ಬೇಕಾದ ಜಿಎಸ್‌ಟಿ ಕಾಗದ ಈ-ವೇ ಬಿಲ್‌ಗೆ 2021ರಿಂದ 200 ಕಿ.ಮೀ.ಗೆ ಒಂದು ದಿನದ ಅವಧಿ. ಅಂದರೆ ಐದು ದಿನ. ಹಾಗಾದರೆ ಅವಸರ ಕಾಗದದ್ದಲ್ಲ. ತಿಂಗಳಿಗೆ ಇಷ್ಟು ಟ್ರಿಪ್ ಆಗದಿದ್ದರೆ ಕಂತು ಕಟ್ಟಲಾಗದು ಎಂಬ ಮಾಲೀಕನದು, ಟ್ರಿಪ್ ಕಮ್ಮಿಯಾದರೆ ಬತ್ತಾ ಕಮ್ಮಿ ಎಂಬ ಡ್ರೈವರ್‌ನದು.

ಅಮೆರಿಕದಲ್ಲೂ ಗಂಟೆಗಳ ನಿಯಮ 1930ರ ದಶಕದ್ದೇ. ಅಲ್ಲಿ ಡ್ರೈವರ್ ಕೈಯಾರೆ ಬರೆಯುತ್ತಿದ್ದ ಲಾಗ್ ಪುಸ್ತಕದಲ್ಲಿ ಸುಳ್ಳು ಧಾರಾಳವಾಗಿತ್ತು. 2017ರ ಡಿಸೆಂಬರಿನಿಂದ ಬಹುಪಾಲು ಲಾರಿಗಳಲ್ಲಿ ಎಂಜಿನ್‌ಗೇ ಜೋಡಿಸಿದ, ಗಂಟೆ ದಾಖಲಿಸುವ ಎಲೆಕ್ಟ್ರಾನಿಕ್ ಯಂತ್ರ ಕಡ್ಡಾಯವಾಯಿತು. ನಮ್ಮಲ್ಲಿ 2021ರಲ್ಲಿ ಸಾರಿಗೆ ಸಚಿವ ನಿತಿನ್ ಗಡ್ಕರಿ, ವಿಮಾನದ ಪೈಲಟ್‌ಗಳಂತೆ ಲಾರಿ ಚಾಲಕರಿಗೂ ಗಂಟೆ ನಿಗದಿಯಾಗಬೇಕು ಎಂದರು. ಕೇಳಿದವರಿಗೆ ಅದು ಹೊಸ ವಿಚಾರದಂತೆ ಕಂಡಿತು! 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, 91ನೇ ಸೆಕ್ಷನ್ ಜಾರಿಗೆ ದಾರಿ ಹುಡುಕಲು ರಾಜ್ಯಗಳ ಸಭೆ ಕರೆಯಿರಿ ಎಂದು ಕೇಂದ್ರಕ್ಕೆ ಹೇಳಿತು. ಅದೇ ವರ್ಷ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 1961ರ ಕಾಯ್ದೆ ಅವುಗಳಲ್ಲಿ ಲೀನವಾಯಿತು. ಸಂಹಿತೆಯ ವ್ಯಾಖ್ಯೆಯಲ್ಲಿ ಮೋಟಾರು ಸಾರಿಗೆ ಸಂಸ್ಥೆ ಎಂದರೆ ಹತ್ತು ಅಥವಾ ಹೆಚ್ಚು ಕೆಲಸಗಾರರಿರುವಂಥದ್ದು. ಮೊದಲು ಐದಿತ್ತು.

ಸಮಯದ ಲೆಕ್ಕ ಸಿಗುವುದಿಲ್ಲ ಎಂಬ ನೆಪ ಮಾತ್ರ ಈಗ ಉಳಿದಿಲ್ಲ. ಪ್ರತಿ ಟೋಲ್‌ನಲ್ಲೂ ಫಾಸ್ಟ್ಯಾಗ್ ದುಡ್ಡು ಕತ್ತರಿಸಿ, ಗಂಟೆ ನಿಮಿಷದ ಸಮೇತ ಮಾಲೀಕನ ಮೊಬೈಲಿಗೆ ಮೆಸೇಜ್ ಕಳಿಸುತ್ತದೆ. ಜಿಪಿಎಸ್ ಇದ್ದರೆ ಗಾಡಿ ಎಲ್ಲಿ, ಎಷ್ಟು ಹೊತ್ತು ನಿಂತಿತು ಎಂಬುದೂ ಗೊತ್ತು.

ಡಾಬಾದಲ್ಲಿ ಚಹಾ ಇನ್ನೂ ಮುಗಿದಿರಲಿಲ್ಲ, ಆತನ ಫೋನ್ ರಿಂಗಾಯಿತು. ಸ್ಪೀಕರಿನಲ್ಲಿ ಮಾಲೀಕನ ದನಿ: “ಟೋಲ್ ದಾಟಿ ಒಂದ್ ತಾಸ್ ಆತು, ಗಾಡಿ ಯಾಕ್ ನಿಂತೈತಿ?”