ಪಟ್ಟಿಯಲ್ಲಿ ಪದ ಇದೆ, ಗಿರಾಕಿ ಎಲ್ಲಿ?

ತಿಂಗಳಿಗೆ ಮೂರ್ನಾಲ್ಕು ಜನ ಇದೇ ಮಾತು ಹಿಡಿದುಕೊಂಡು ಬರುತ್ತಾರೆ. "ನಮ್ಮ ಸ್ಪರ್ಧಿಯ ವೆಬ್‌ಸೈಟ್ ಯಾವ್ಯಾವ ಪದಕ್ಕೆ ಗೂಗಲ್‌ನಲ್ಲಿ ಮೇಲೆ ಬರುತ್ತೆ ಅಂತ ಪಟ್ಟಿ ತೆಗೆದುಕೊಡಿ. ಅದೇ ಪದಗಳನ್ನ ನಮ್ಮ ಸೈಟಿಗೂ ಹಾಕಿಬಿಡೋಣ."

ಪಟ್ಟಿ ತೆಗೆಯುವುದು ಕಷ್ಟದ ಕೆಲಸ ಅಲ್ಲವೇ ಅಲ್ಲ. ಎಚ್‌ರೆಫ್ಸ್, ಸೆಮ್‌ರಷ್ ತರಹದ ಟೂಲ್‌ನಲ್ಲಿ ವಿಳಾಸ ಹಾಕಿದರೆ ಸಾವಿರಾರು ಸಾಲಿನ ಶೀಟ್ ಕೈಗೆ ಬರುತ್ತದೆ. ತೊಂದರೆ ಶುರುವಾಗುವುದು ಆಮೇಲೆ.

ಸಕಲೇಶಪುರದ ಕಡೆ ಕಾಫಿ ತೋಟದೊಳಗೆ ನಾಲ್ಕು ಕೋಣೆಯ ಹೋಮ್‌ಸ್ಟೇ ನಡೆಸುವ ಒಬ್ಬ ಮಹಿಳೆ ನನ್ನ ಹತ್ತಿರ ಬಂದಾಗ ಆ ಹಂತ ಆಗಲೇ ದಾಟಿದ್ದರು. ಪಕ್ಕದ ಊರಿನ ಹೋಮ್‌ಸ್ಟೇ ಸದಾ ತುಂಬಿರುತ್ತದೆ. ಅವರ ಕೀವರ್ಡ್ ಪಟ್ಟಿಯನ್ನು ಯಾರಿಂದಲೋ ದುಡ್ಡು ಕೊಟ್ಟು ತರಿಸಿ, ಮೇಲಿನ ಇಪ್ಪತ್ತೆರಡು ಪದಕ್ಕೆ ಇಪ್ಪತ್ತೆರಡು ಲೇಖನ ಬರೆಸಿದ್ದರು. "ಸೈಟಿಗೆ ಜನ ಬರ್ತಿದ್ದಾರೆ. ಹಾಗೆ ಬಂದವರಿಂದ ಫೋನ್ ಮಾತ್ರ ಬರ್ತಿಲ್ಲ" ಅಂದರು.

ಪಟ್ಟಿ ತೆರೆದು ನೋಡಿದೆ. ಎಲ್ಲಕ್ಕಿಂತ ಮೇಲೆ ಇದ್ದದ್ದು ಮಂಜರಾಬಾದ್ ಕೋಟೆ. ಕೋಟೆ ಕಟ್ಟಿಸಿದ್ದು ಯಾರು, ಅದು ನಕ್ಷತ್ರದ ಆಕಾರದಲ್ಲಿ ಯಾಕಿದೆ, ಎಷ್ಟು ಹೊತ್ತಿಗೆ ಬಾಗಿಲು ಹಾಕುತ್ತಾರೆ. ಟಿಪ್ಪು ಸುಲ್ತಾನ್ ಕಟ್ಟಿಸಿ 1792ರಲ್ಲಿ ಮುಗಿದ ಕೋಟೆ ಅದು. ಬಹಳ ಜನ ಹುಡುಕುತ್ತಾರೆ, ನಿಜ. ಆದರೆ ಹುಡುಕುವವರು ಯಾರು? ಪ್ರಾಜೆಕ್ಟ್ ಬರೆಯುವ ಶಾಲೆ ಮಕ್ಕಳು, ಪರೀಕ್ಷೆಗೆ ಓದುವವರು, ಮಂಗಳೂರಿಗೆ ಹೋಗುವ ದಾರಿಯಲ್ಲಿ ಅರ್ಧ ಗಂಟೆ ಗಾಡಿ ನಿಲ್ಲಿಸುವವರು. ಇವರಲ್ಲಿ ರಾತ್ರಿ ಉಳಿಯಲು ಕೋಣೆ ಹುಡುಕುವವರು ಎಷ್ಟು ಜನ ಸಿಕ್ಕಾರು? ಪಕ್ಕದ ಊರಿನವರು ಯಾವಾಗಲೋ ಕೋಟೆ ಬಗ್ಗೆ ಒಂದು ಪುಟ ಬರೆದಿದ್ದರು, ಅದು ಮೇಲೆ ಬಂದಿತ್ತು, ಅಷ್ಟೆ. ಅವರ ಕೋಣೆಗಳು ತುಂಬುತ್ತಿದ್ದದ್ದು ಅದರಿಂದ ಅಂತ ಹೇಳಲು ಆ ಶೀಟಿನಲ್ಲಿ ಒಂದು ಸಾಲೂ ಇರಲಿಲ್ಲ.

ಇದೊಂದು ವಿಷಯವನ್ನು ಎಷ್ಟು ಸಲ ಹೇಳಿದರೂ ನನಗೆ ಸಮಾಧಾನ ಇಲ್ಲ, ಇಲ್ಲೂ ಹೇಳುತ್ತೇನೆ. ಸ್ಪರ್ಧಿಯ ಪಟ್ಟಿಯಲ್ಲಿ ಒಂದು ಪದ ಇದೆ ಅಂದರೆ, ಆ ಪದಕ್ಕೆ ಅವರ ಪುಟ ಎಲ್ಲೋ ಕಾಣಿಸುತ್ತದೆ ಅಂತ ಅರ್ಥ. ಅದರಿಂದ ಅವರಿಗೆ ಗಿರಾಕಿ ಬಂದರು ಅಂತ ಅರ್ಥ ಅಲ್ಲ. ಅಷ್ಟೇ ಯಾಕೆ, ಯಾರಾದರೂ ಒತ್ತಿ ಒಳಗೆ ಬಂದರು ಅಂತಲೂ ಅಲ್ಲ.

ಯಾಕೆ ಅಂದರೆ ಈ ಟೂಲ್‌ಗಳಿಗೆ ಗೂಗಲ್‌ನ ಲೆಕ್ಕದ ಪುಸ್ತಕ ಸಿಗುವುದಿಲ್ಲ. ಅವು ಮಾಡುವ ಕೆಲಸ ಬೇರೆ. ಕೋಟಿಗಟ್ಟಲೆ ಪದಗಳ ಒಂದು ಸಂಗ್ರಹ ಇಟ್ಟುಕೊಂಡಿರುತ್ತವೆ. ಆಗಾಗ ಆ ಪದಗಳನ್ನು ಗೂಗಲ್‌ನಲ್ಲಿ ಹಾಕಿ, ಯಾವ ಸೈಟ್ ಎಷ್ಟನೇ ಜಾಗದಲ್ಲಿದೆ ಅಂತ ಬರೆದಿಡುತ್ತವೆ. ಆ ಪದವನ್ನು ತಿಂಗಳಿಗೆ ಸುಮಾರು ಎಷ್ಟು ಸಲ ಹುಡುಕಬಹುದು ಅನ್ನುವುದು ಒಂದು ಅಂದಾಜು. ಆ ಜಾಗದಲ್ಲಿರುವ ಲಿಂಕನ್ನು ನೂರಕ್ಕೆ ಎಷ್ಟು ಜನ ಒತ್ತಬಹುದು ಅನ್ನುವುದು ಇನ್ನೊಂದು ಅಂದಾಜು. ಎರಡನ್ನೂ ಗುಣಿಸಿದರೆ 'ಟ್ರಾಫಿಕ್' ಕಾಲಂ ತಯಾರು. ಅಂದಾಜಿನ ಮೇಲೆ ಅಂದಾಜು. ಅದರಲ್ಲಿ ಮೋಸ ಏನೂ ಇಲ್ಲ, ಟೂಲ್‌ನವರೇ ಅದನ್ನು ಅಂದಾಜು ಅಂತ ಕರೆಯುತ್ತಾರೆ. ನಾವು ಬ್ಯಾಂಕ್ ಪಾಸ್‌ಬುಕ್ ಓದಿದ ಹಾಗೆ ಓದುತ್ತೇವೆ.

ಸೈಟಿಗೆ ನಿಜವಾಗಿ ಯಾವ ಹುಡುಕಾಟದಿಂದ ಜನ ಬಂದರು ಅನ್ನುವುದು ಗೂಗಲ್‌ಗೆ ಗೊತ್ತು. ಸೈಟಿನ ಮಾಲೀಕರಿಗೆ ಗೂಗಲ್ಲೇ ಕೊಡುವ ಲೆಕ್ಕದ ಟೂಲ್ ಸರ್ಚ್ ಕನ್ಸೋಲ್, ಅದರಲ್ಲಿ ಅವರಿಗೂ ತಕ್ಕಮಟ್ಟಿಗೆ ಗೊತ್ತು, ಅದೂ ಹಿಂದಿನ 16 ತಿಂಗಳಿನದು. ತೀರಾ ಕಡಿಮೆ ಜನ ಹುಡುಕುವ ಪದಗಳನ್ನು ಗೂಗಲ್ ಅವರಿಗೂ ತೋರಿಸುವುದಿಲ್ಲ. ಪಕ್ಕದವರ ಸರ್ಚ್ ಕನ್ಸೋಲ್ ತೆಗೆದುಕೊಡುತ್ತೇನೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ದುಡ್ಡು ಕೊಡಬೇಡಿ.

ಇನ್ನೂ ಕೆಲವರು ಸ್ಪರ್ಧಿಯ ಪುಟದ ಹಿಂದಿನ ಕೋಡ್ ತೆರೆದು, ಅದರೊಳಗೆ ಪುಟದ ಪದಗಳನ್ನು ಪಟ್ಟಿ ಮಾಡಿಡುವ ಮೆಟಾ ಕೀವರ್ಡ್ಸ್ ಟ್ಯಾಗ್ ಕಾಪಿ ಮಾಡಿಕೊಂಡು ಬರುತ್ತಾರೆ. ರ‍್ಯಾಂಕಿಂಗ್‌ಗೆ ಆ ಟ್ಯಾಗನ್ನು ನೋಡುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿಯಾಗಿದೆ. ಇದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ.

2025ರ ಸೆಪ್ಟೆಂಬರ್‌ನಲ್ಲಿ ನಡೆದದ್ದನ್ನು ಮಾತ್ರ ಹೇಳಬೇಕು. ಒಂದೇ ಪುಟದಲ್ಲಿ 100 ಫಲಿತಾಂಶ ತರಿಸಿಕೊಳ್ಳುವ ದಾರಿಯೊಂದು ಅಲ್ಲಿಯವರೆಗೆ ಇತ್ತು. ಗೂಗಲ್ ಅದನ್ನು ಮುಚ್ಚಿತು. ಟೂಲ್‌ಗಳಿಗೆ ಹತ್ತಿಪ್ಪತ್ತನೇ ಜಾಗದ ಆಚೆ ನೋಡುವುದು ದುಬಾರಿಯಾಯಿತು. ಆಗ ಒಬ್ಬ ಗಿರಾಕಿ ಖುಷಿಯಿಂದ ಫೋನ್ ಮಾಡಿ "ನಮ್ಮ ಸ್ಪರ್ಧಿಯ ಕೀವರ್ಡ್‌ಗಳು ಅರ್ಧಕ್ಕರ್ಧ ಬಿದ್ದುಹೋಗಿವೆ" ಅಂದರು. ನಿಮ್ಮ ಸೈಟಿನ ಗ್ರಾಫನ್ನೂ ತೆರೆದು ನೋಡಿ ಅಂದೆ. ಅದೂ ಬಿದ್ದಿತ್ತು. ಇಬ್ಬರ ವ್ಯಾಪಾರವೂ ಇದ್ದ ಹಾಗೇ ಇತ್ತು. ಅಳೆಯುವ ಕೋಲು ಚಿಕ್ಕದಾಗಿತ್ತು.

ಕನ್ನಡದಲ್ಲಿ ವ್ಯಾಪಾರ ಮಾಡುವವರಿಗೆ ಇನ್ನೊಂದು ಕಷ್ಟ ಇದೆ. ಗಾಣದ ಎಣ್ಣೆ ಮಾರುವ ಒಬ್ಬ ಹುಡುಗ ಬಂದಿದ್ದ. ಒಳ್ಳೆಯ ಎಣ್ಣೆ, ಪ್ರಾಮಾಣಿಕ ಹುಡುಗ. ಸ್ಪರ್ಧಿಯ ಪಟ್ಟಿಯಲ್ಲಿ ಇದ್ದದ್ದೆಲ್ಲ 'ಕೋಲ್ಡ್ ಪ್ರೆಸ್ಡ್ ಆಯಿಲ್' ತರಹದ ಇಂಗ್ಲಿಷ್ ಪದಗಳೇ. "ಕನ್ನಡದಲ್ಲಿ ಯಾರೂ ಹುಡುಕಲ್ಲ, ಎಲ್ಲ ಸೊನ್ನೆ ತೋರಿಸುತ್ತೆ" ಅಂದ. ಸೊನ್ನೆ ಅಂದರೆ ಟೂಲ್‌ನ ಸಂಗ್ರಹದಲ್ಲಿ ಲೆಕ್ಕ ಇಲ್ಲ ಅಂತ. ನಮ್ಮ ಜನ 'ಗಾಣದ ಎಣ್ಣೆ' ಅಂತ ಕನ್ನಡ ಅಕ್ಷರದಲ್ಲಿ ಹುಡುಕುತ್ತಾರೆ. ಅದನ್ನೇ ಇಂಗ್ಲಿಷ್ ಅಕ್ಷರದಲ್ಲೂ ಒತ್ತುತ್ತಾರೆ. ಒಬ್ಬರು ಒಂದು 'ಎನ್' ಹಾಕಿದರೆ ಇನ್ನೊಬ್ಬರು ಎರಡು ಹಾಕುತ್ತಾರೆ. 'ಮರದ ಗಾಣ', 'ಗಾಣದೆಣ್ಣೆ', 'ಗಾಣದ ಎಣ್ಣೆಗೆ ಎಷ್ಟು ಬೆಲೆ', ಹೀಗೆ ಒಂದೇ ಬೇಡಿಕೆ ಹತ್ತು ರೂಪದಲ್ಲಿ ಹಂಚಿಹೋಗುತ್ತದೆ. ಒಂದೊಂದೂ ಸಣ್ಣದು, ಹಾಗಾಗಿ ಟೂಲ್‌ನ ಕಣ್ಣಿಗೆ ಬೀಳುವುದಿಲ್ಲ. ದಿನಾ ಬರುವ ಹುಡುಕಾಟಗಳಲ್ಲಿ ಶೇಕಡ 15ರಷ್ಟು ಹಿಂದೆಂದೂ ನೋಡದ ಹೊಸವು ಅಂತ ಗೂಗಲ್ಲೇ ಹೇಳುತ್ತದೆ. ಅವನಿಗೆ ಒಂದು ಕನ್ನಡ ಪುಟ ಬರೆಸಿದೆ. ಒಂದೂವರೆ ತಿಂಗಳ ನಂತರ ಅವನ ಸರ್ಚ್ ಕನ್ಸೋಲ್‌ನಲ್ಲಿ ಆ ಸೊನ್ನೆಗಳು ಒಂದೊಂದಾಗಿ ಕಾಣಿಸಿಕೊಂಡವು. ದೊಡ್ಡ ಸಂಖ್ಯೆ ಏನಲ್ಲ. ಆದರೆ ಬಂದವರಲ್ಲಿ ಹೆಚ್ಚಿನವರು ಬೆಲೆ ಕೇಳಲು ಬಂದವರು.

ಹಾಗಾದರೆ ಪಟ್ಟಿ ಬೇಡವಾ? ಬೇಕು. ನಾನೂ ತೆಗೆಯುತ್ತೇನೆ. ಮೊದಲು ಸರಿಯಾದ ಸ್ಪರ್ಧಿಯನ್ನು ಹುಡುಕುತ್ತೇನೆ, ಅಷ್ಟೇ ವ್ಯತ್ಯಾಸ. ಕೋಣೆ ಬೇಕಾದವರು ಹೇಗೆ ಹುಡುಕಬಹುದು ಅನ್ನುವ ಹತ್ತು ಸಾಲು ಬರೆದು, ಒಂದೊಂದನ್ನೂ ಮೊಬೈಲ್‌ನಲ್ಲಿ ಹಾಕಿ ನೋಡುತ್ತೇನೆ. ಮತ್ತೆ ಮತ್ತೆ ಯಾರು ಎದುರಾಗುತ್ತಾರೋ ಅವರೇ ಗೂಗಲ್‌ನಲ್ಲಿ ನಿಮ್ಮ ಸ್ಪರ್ಧಿ. ಸಕಲೇಶಪುರದ ವಿಷಯದಲ್ಲಿ ಪಕ್ಕದ ಊರಿನವರು ಎಲ್ಲೂ ಸಿಗಲಿಲ್ಲ. ಸಿಕ್ಕಿದ್ದು ದೊಡ್ಡ ಬುಕಿಂಗ್ ಸೈಟ್‌ಗಳು, ಮ್ಯಾಪ್‌ನಲ್ಲಿ ಒಳ್ಳೆ ರಿವ್ಯೂ ಇರುವ ಮೂರು ಮನೆಗಳು, ಮತ್ತೆ ಒಂದು ಸಣ್ಣ ಎಸ್ಟೇಟ್‌ನ ಸೈಟ್. ಆ ಸಣ್ಣ ಸೈಟಿನ ಪಟ್ಟಿ ತೆಗೆದೆ. ಅದರಲ್ಲಿ ಅವರ ಸ್ವಂತ ಹೆಸರಿನ ಹುಡುಕಾಟಗಳನ್ನು ತೆಗೆದುಹಾಕಿದೆ. ಅವರ ಹೆಸರು ಒತ್ತಿದವರು ಅವರನ್ನೇ ಹುಡುಕುತ್ತಿದ್ದಾರೆ, ನಮ್ಮನ್ನಲ್ಲ. ಕೋಟೆ, ಜಲಪಾತದ ಪುಟಗಳನ್ನೂ ಬದಿಗಿಟ್ಟೆ. ಆರುನೂರು ಸಾಲಿನಲ್ಲಿ ಉಳಿದದ್ದು ಹನ್ನೊಂದು.

ಎಲ್ಲ ವ್ಯಾಪಾರಕ್ಕೂ ಇದೇ ಸರಿ ಅನ್ನಲಾರೆ. ಜಾಹೀರಾತಿನಿಂದ ದುಡಿಯುವ ಸುದ್ದಿ ಸೈಟಿಗೆ ಕೋಟೆ ನೋಡಲು ಬಂದವರೂ ಆದಾಯವೇ. ಅಲ್ಲಿ ಲೆಕ್ಕ ಬೇರೆ. ನಾಲ್ಕು ಕೋಣೆ ತುಂಬಿಸಬೇಕಾದವರಿಗೆ ಮಾತ್ರ ಹನ್ನೊಂದು ಪದ ಧಾರಾಳ ಸಾಕು, ಅದು ನನ್ನ ಅನುಭವ.

ಆ ಹನ್ನೊಂದನ್ನು ಹಿಡಿದುಕೊಂಡು ಅವರ ಮನೆಗೇ ಹೋದೆ. ಜಗಲಿಯಲ್ಲಿ ಕೂತು ಕಾಫಿ ಕುಡಿಯುವಾಗ ಎರಡು ಫೋನ್ ಬಂದವು. ಒಬ್ಬರು ನಾಯಿ ಕರೆದುಕೊಂಡು ಬರಬಹುದಾ ಅಂತ ಕೇಳಿದರು. ಇನ್ನೊಬ್ಬರ ತಾಯಿಗೆ ಮಂಡಿನೋವು, ಮೆಟ್ಟಿಲು ಹತ್ತದೆ ಕೋಣೆ ಸೇರಬಹುದಾ ಅಂತ ವಿಚಾರಿಸಿದರು. "ಇವೆಲ್ಲ ದಿನಾ ಕೇಳ್ತಾರೆ" ಅಂದರು ಆಕೆ, ಅದೇನು ದೊಡ್ಡ ವಿಷಯ ಅನ್ನುವ ಹಾಗೆ. ಎರಡನ್ನೂ ಟೂಲ್‌ನಲ್ಲಿ ಹಾಕಿ ತೋರಿಸಿದೆ. ಎರಡಕ್ಕೂ ಸೊನ್ನೆ. ಪಕ್ಕದವರ ಪಟ್ಟಿಯಲ್ಲೂ ಇರಲಿಲ್ಲ, ಆ ಎಸ್ಟೇಟ್‌ನವರ ಪಟ್ಟಿಯಲ್ಲೂ ಇರಲಿಲ್ಲ. ಅವತ್ತೇ ಸಂಜೆ ಆ ಎರಡು ಪುಟ ಬರೆದೆವು, ನೆಲಮಟ್ಟದ ಕೋಣೆಯ ಫೋಟೋ ಸಮೇತ.

ಈಗ ಅವರ ಫೋನ್ ಪಕ್ಕ ಒಂದು ನೋಟ್‌ಬುಕ್ ಇದೆ. ಕೇಳಿದ ಪ್ರಶ್ನೆಯನ್ನು ಕೇಳಿದವರ ಮಾತಿನಲ್ಲೇ ಬರೆದಿಡುತ್ತಾರೆ. ಮೊನ್ನೆ ಒಂದು ಪುಟದ ಫೋಟೋ ಕಳಿಸಿದ್ದರು. ಮೂರು ದಿನದಲ್ಲಿ ನಾಲ್ಕು ಜನ ಕೇಳಿದ್ದು ಒಂದೇ: ಮಳೆಗಾಲದಲ್ಲಿ ಸಣ್ಣ ಕಾರು ಅಂಗಳದವರೆಗೆ ಬರುತ್ತಾ? ಬರುತ್ತದಂತೆ, ಕೊನೆಯ ತಿರುವಿನಲ್ಲಿ ಸ್ವಲ್ಪ ಹುಷಾರಾಗಿರಬೇಕು. ಈ ವಾರ ಆ ಪುಟ ಬರೆಯುತ್ತಿದ್ದೇವೆ.