ಸಾರ್ವಜನಿಕ ಗ್ರಂಥಾಲಯದ ಮೇಲಿನ ಹುದ್ದೆಗಳು ತುಂಬುವುದು ಹೇಗೆ: ಕರ್ನಾಟಕದ ವ್ಯವಸ್ಥೆ ಕುರಿತು ಅಧ್ಯಯನ ಟಿಪ್ಪಣಿ

ಗ್ರಂಥಾಲಯ ವಿಜ್ಞಾನದ ಪರೀಕ್ಷೆಯಲ್ಲಿ ಸಿಬ್ಬಂದಿ ನೇಮಕಾತಿಯ ಪ್ರಶ್ನೆ ಬಂದರೆ ಹೆಚ್ಚಿನವರು ಜಾಹೀರಾತು, ಅರ್ಜಿ ಪರಿಶೀಲನೆ, ಸಂದರ್ಶನ ಎಂದು ಬರೆದು ಮುಗಿಸುತ್ತಾರೆ. ಖಾಸಗಿ ಕಾಲೇಜೊಂದು ಗ್ರಂಥಪಾಲಕರನ್ನು ತೆಗೆದುಕೊಳ್ಳುವುದಾದರೆ ಆ ಉತ್ತರ ಸಾಕು. ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಮುಖ್ಯ ಗ್ರಂಥಾಲಯಾಧಿಕಾರಿ, ನಗರ ಕೇಂದ್ರ ಗ್ರಂಥಾಲಯಕ್ಕೆ ಉಪನಿರ್ದೇಶಕರು, ಇಡೀ ಇಲಾಖೆಗೆ ನಿರ್ದೇಶಕರು ಬರುವ ದಾರಿಯೇ ಬೇರೆ. ಅಲ್ಲಿ ಸಂದರ್ಶನದ ಕೋಣೆಗಿಂತ ಕಡತದಲ್ಲಿ ಆಗುವ ಕೆಲಸ ಹೆಚ್ಚು. ಆ ಕಡತವೂ ಹುದ್ದೆ ಖಾಲಿಯಾದ ದಿನ ತೆರೆದದ್ದಲ್ಲ; ಹದಿನೈದು ಇಪ್ಪತ್ತು ವರ್ಷದ ಹಿಂದೆ ಗ್ರಂಥಪಾಲಕ ಹುದ್ದೆಗೆ ಎಷ್ಟು ಜನರನ್ನು, ಯಾವ ವಯಸ್ಸಿನಲ್ಲಿ ತೆಗೆದುಕೊಂಡರು ಎಂಬಲ್ಲೇ ಅದರ ಆರಂಭವಿದೆ. ಈ ಒಂದು ಮಾತು ಗಟ್ಟಿಯಾಗಿ ಹಿಡಿದುಕೊಂಡರೆ ಮುಂದಿನದೆಲ್ಲ ಸುಲಭ.

ನೇಮಿಸುವ ಅಧಿಕಾರ ಯಾರದು?

ನಮ್ಮ ಕಾಯ್ದೆ 1965ರದು. ಆಗ ಅದು ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ. ಇಲಾಖೆ ಶುರುವಾದದ್ದು 1966ರಲ್ಲಿ. ರಾಜ್ಯ ಮಟ್ಟಕ್ಕೆ ರಾಜ್ಯ ಗ್ರಂಥಾಲಯ ಪ್ರಾಧಿಕಾರ, ಕೆಳಗೆ ನಗರ ಮತ್ತು ಜಿಲ್ಲಾ ಗ್ರಂಥಾಲಯ ಪ್ರಾಧಿಕಾರಗಳು. ಪುಸ್ತಕ, ಪತ್ರಿಕೆ, ಕಟ್ಟಡಕ್ಕೆ ಆಸ್ತಿ ತೆರಿಗೆಯ ಜೊತೆ ವಸೂಲಾಗುವ ಗ್ರಂಥಾಲಯ ಕರದ ಹಣ. ಸಿಬ್ಬಂದಿಯ ಸಂಬಳ ಮಾತ್ರ ರಾಜ್ಯದ ಸಂಚಿತ ನಿಧಿಯಿಂದ. ಕಾಯಂ ನೌಕರರೆಲ್ಲ ರಾಜ್ಯ ಗ್ರಂಥಾಲಯ ಸೇವೆಗೆ ಸೇರಿದ ಸರ್ಕಾರಿ ನೌಕರರು. ಕಾಯ್ದೆಯ ದೊಡ್ಡ ಗುಣ ಇದೇ: ಊರಿನ ತೆರಿಗೆ ವಸೂಲಿ ಏರಲಿ ಇಳಿಯಲಿ, ನೌಕರರ ಸಂಬಳಕ್ಕೆ ಧಕ್ಕೆಯಿಲ್ಲ.

ಇದರ ಇನ್ನೊಂದು ಮುಖವನ್ನೂ ನೋಡಬೇಕು. ಮೇಯರ್ ಅಧ್ಯಕ್ಷತೆಯ ನಗರ ಪ್ರಾಧಿಕಾರ ಬಜೆಟ್ ಒಪ್ಪಬಹುದು, ಶಾಖೆ ತೆರೆಯಲು ಹೇಳಬಹುದು. ತನ್ನ ಕಾರ್ಯದರ್ಶಿಯಾಗಿ ಕೂರುವ ಗ್ರಂಥಾಲಯದ ಮುಖ್ಯಸ್ಥರನ್ನು ತಾನೇ ಆರಿಸಿಕೊಳ್ಳಲಾರದು. ಅಮೆರಿಕದಲ್ಲಿ ಇದು ತಿರುಗುಮುರುಗು. ಅಲ್ಲಿ ಹಲವು ಕಡೆ ಊರಿನ ಗ್ರಂಥಾಲಯ ಮಂಡಳಿಯೇ ನಿರ್ದೇಶಕರನ್ನು ಹುಡುಕಿ, ಸಂಬಳ ಗೊತ್ತುಮಾಡಿ ನೇಮಿಸುತ್ತದೆ, ಬೇಡವೆನಿಸಿದರೆ ಕಳಿಸುತ್ತದೆ. ಮಂಡಳಿ ಮನಬಂದಂತೆ ಮಾಡದಿರಲೆಂದು ರಾಜ್ಯ ಕನಿಷ್ಠ ಅರ್ಹತೆ ವಿಧಿಸುವುದುಂಟು: ನ್ಯೂಯಾರ್ಕ್ ರಾಜ್ಯದಲ್ಲಿ 7,500 ಅಥವಾ ಹೆಚ್ಚು ಜನಸಂಖ್ಯೆಗೆ ಸೇವೆ ಕೊಡುವ ಗ್ರಂಥಾಲಯದ ನಿರ್ದೇಶಕರಿಗೆ ಸಾರ್ವಜನಿಕ ಗ್ರಂಥಪಾಲಕರ ಪ್ರಮಾಣಪತ್ರ ಇರಲೇಬೇಕು. ತುಲನೆಯ ಪ್ರಶ್ನೆ ಬಂದರೆ ನೇಮಿಸುವವರು ಯಾರು, ಸಂಬಳ ಕೊಡುವವರು ಯಾರು, ಕೆಲಸದ ಲೆಕ್ಕ ಕೇಳುವವರು ಯಾರು ಎಂಬ ಮೂರಕ್ಕೂ ಪ್ರತ್ಯೇಕವಾಗಿ ಉತ್ತರಿಸಿ. ಅಮೆರಿಕದಲ್ಲಿ ಮೂರೂ ಹೆಚ್ಚುಕಡಿಮೆ ಒಂದೇ ಕಡೆ. ನಮ್ಮಲ್ಲಿ ಮೊದಲೆರಡು ಸರ್ಕಾರದ ಬಳಿ, ಮೂರನೆಯದು ಹಂಚಿಹೋಗಿದೆ.

ಹುದ್ದೆಯ ಕೆಲಸ ಏನು?

ಅರ್ಹತೆಯ ಮಾತಿಗೆ ಮೊದಲು ಕೆಲಸದ ಪಟ್ಟಿ ಬರೆಯಬೇಕು. ಪುಸ್ತಕ ಆಯ್ಕೆ, ವರ್ಗೀಕರಣ, ಓದುಗರ ಸೇವೆ ಎಲ್ಲರಿಗೂ ನೆನಪಾಗುತ್ತವೆ. ಮೇಲಿನ ಹುದ್ದೆಯ ದಿನವನ್ನು ತಿನ್ನುವುದು ಬೇರೆ ಸಂಗತಿಗಳು: ಪ್ರಾಧಿಕಾರದ ಸಭೆ ಕರೆದು ನಡವಳಿ ಬರೆಯುವುದು, ಕೆಟಿಪಿಪಿ ಕಾಯ್ದೆಯಂತೆ (ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಯ ಕಾಯ್ದೆ) ಟೆಂಡರ್ ನಡೆಸುವುದು, ಲೆಕ್ಕಪರಿಶೋಧನೆಯ ಆಕ್ಷೇಪಣೆಗೆ ಉತ್ತರ ಕೊಡುವುದು, ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ಸರಿಸಮ ಅನುದಾನಕ್ಕೆ ಪ್ರಸ್ತಾವನೆ ಕಳಿಸುವುದು. 2020ರಲ್ಲಿ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಬಂದ ಮೇಲೆ ಇ-ಪುಸ್ತಕದ ಒಪ್ಪಂದ ಓದಿ ಅರ್ಥ ಮಾಡಿಕೊಳ್ಳುವುದೂ ಸೇರಿತು.

ಇವುಗಳಲ್ಲಿ ಕರದ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ಶೇ 6. ಒಂದು ಊರಿನ ವರ್ಷದ ಆಸ್ತಿ ತೆರಿಗೆ ಬೇಡಿಕೆ 5 ಕೋಟಿ ರೂಪಾಯಿ ಎಂದಿಟ್ಟುಕೊಳ್ಳಿ. ಕರದ ಬೇಡಿಕೆ 30 ಲಕ್ಷ. ತೆರಿಗೆ ವಸೂಲಾದದ್ದು 4 ಕೋಟಿ. ಜೊತೆಗೆ ಬಂದ ಕರ 24 ಲಕ್ಷ. ಗ್ರಂಥಾಲಯ ಪ್ರಾಧಿಕಾರದ ಖಾತೆಗೆ ಜಮೆಯಾದದ್ದು 15 ಲಕ್ಷ. ಬಾಕಿ ಎಷ್ಟು? ‘15 ಲಕ್ಷ’ ಎಂದು ಬರೆಯುವವರೇ ಹೆಚ್ಚು. ಆದರೆ ಅದರಲ್ಲಿ 6 ಲಕ್ಷ ಇನ್ನೂ ಆಸ್ತಿ ಮಾಲೀಕರ ಕಡೆಯಿದೆ. 9 ಲಕ್ಷ ವಸೂಲಾಗಿ ಸ್ಥಳೀಯ ಸಂಸ್ಥೆಯ ಖಾತೆಯಲ್ಲೇ ಉಳಿದಿದೆ. ಮೊದಲನೆಯದಕ್ಕೆ ಕಾಯಬೇಕು. ಎರಡನೆಯದು ಈಗಲೇ ಗ್ರಂಥಾಲಯದ ಹಣ; ಅದನ್ನು ತಿಂಗಳುವಾರು ಡಿಸಿಬಿ (ಬೇಡಿಕೆ, ವಸೂಲಿ, ಬಾಕಿ) ತಃಖ್ತೆಯ ಜೊತೆ ಪ್ರಾಧಿಕಾರದ ಸಭೆಯ ಮುಂದಿಟ್ಟು ಕೇಳಬೇಕು. ಎರಡನ್ನೂ ಕೂಡಿಸಿ ಒಂದೇ ಪತ್ರ ಬರೆದರೆ ‘ವಸೂಲಿ ಪ್ರಗತಿಯಲ್ಲಿದೆ’ ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಎಂಎಲ್‌ಐಎಸ್‌ಸಿಯಲ್ಲಿ (ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪದವಿ) ಎಷ್ಟೇ ಅಂಕ ಬಂದಿರಲಿ, ಈ 9 ಲಕ್ಷ ಕಣ್ಣಿಗೆ ಬೀಳದ ಅಧಿಕಾರಿಯಿಂದ ಆ ವರ್ಷ ಆ ಊರಿನ ಕಪಾಟಿಗೆ ಬರಬೇಕಾದ ಪುಸ್ತಕಗಳು ಬರುವುದಿಲ್ಲ.

ವೃಂದ ಮತ್ತು ನೇಮಕಾತಿ ನಿಯಮ

ವೃಂದ ಎಂದರೆ ಒಂದೇ ದರ್ಜೆಯ ಹುದ್ದೆಗಳ ಗುಂಪು. ಅದರ ನಿಯಮಕ್ಕೆ ಕಚೇರಿಯ ಮಾತಿನಲ್ಲಿ ‘ಸಿ ಅಂಡ್ ಆರ್’. ಯಾವ ಹುದ್ದೆ ಎಷ್ಟು, ನೇರ ನೇಮಕಾತಿಗೆ ಎಷ್ಟು ಪಾಲು, ಬಡ್ತಿಗೆ ಎಷ್ಟು, ಕೆಳಗಿನ ಯಾವ ವೃಂದದಿಂದ, ಎಷ್ಟು ವರ್ಷದ ಸೇವೆ, ಯಾವ ಪದವಿ ಎಲ್ಲವೂ ಇದರಲ್ಲಿದೆ. 1978ರ ಕರ್ನಾಟಕ ರಾಜ್ಯ ನಾಗರಿಕ ಸೇವೆಗಳ ಕಾಯ್ದೆಯಡಿ ಕರಡು ಪ್ರಕಟಿಸಿ, ಆಕ್ಷೇಪಣೆ ಕರೆದು, ಆಮೇಲೆ ಅಂತಿಮಗೊಳಿಸಬೇಕು. ಹುದ್ದೆಯ ಕೆಲಸ ಬದಲಾದರೂ ನಿಯಮ ಹಳೆಯದೇ ಉಳಿದರೆ ಆಯ್ಕೆ ಸಮಿತಿ ಏನೂ ಮಾಡಲಾರದು. ನಿಯಮದಲ್ಲಿಲ್ಲದ ಅರ್ಹತೆಯನ್ನು ಅದು ಕೇಳುವಂತಿಲ್ಲ. ಡಿಜಿಟಲ್ ಕೆಲಸ ಬಲ್ಲವರು ಬೇಕಿದ್ದರೆ ಅದು ಮೊದಲು ನಿಯಮಕ್ಕೆ ಬರಬೇಕು.

ಈಗ ಮುಖ್ಯ ಲೆಕ್ಕ. ಅಂಕಿಗಳು ಕಲ್ಪಿತ, ತರ್ಕ ನಿಜದ್ದು. ಜಿಲ್ಲೆ-ನಗರ ಮಟ್ಟದಲ್ಲಿ 30 ಹಿರಿಯ ಹುದ್ದೆಗಳಿವೆ. ನಿವೃತ್ತಿ ವಯಸ್ಸು 60. ಸರಾಸರಿ 54ನೇ ವಯಸ್ಸಿಗೆ ಈ ಹುದ್ದೆಗೆ ಬಡ್ತಿ ಸಿಕ್ಕರೆ ಒಬ್ಬರು 6 ವರ್ಷ ಇರುತ್ತಾರೆ. ವರ್ಷಕ್ಕೆ 5 ಹುದ್ದೆ ಖಾಲಿ. ಬಡ್ತಿ 57ಕ್ಕೆ ಸರಿದರೆ ಒಬ್ಬರು ಇರುವುದು 3 ವರ್ಷ. ವರ್ಷಕ್ಕೆ 10 ಖಾಲಿ. ಅಂದರೆ ಅದೇ 30 ಹುದ್ದೆಗೆ ಎರಡರಷ್ಟು ಬಡ್ತಿ ಕಡತ. ಇದಕ್ಕಿಂತ ದೊಡ್ಡ ಪೆಟ್ಟು ಮೇಲೆ ಬೀಳುತ್ತದೆ. ನಿರ್ದೇಶಕರ ಹುದ್ದೆಗೆ ಈ ವೃಂದದಲ್ಲಿ 5 ವರ್ಷ ಸೇವೆ ಬೇಕೆಂದು ನಿಯಮವಿದ್ದರೆ, 57ಕ್ಕೆ ಬಂದವರಲ್ಲಿ ಒಬ್ಬರೂ ಅರ್ಹರಾಗುವುದಿಲ್ಲ. ಆಗ ಉಳಿಯುವ ದಾರಿ ಮೂರೇ: ಸೇವಾವಧಿ ಸಡಿಲಿಸುವುದು, ಬೇರೆ ಸೇವೆಯ ಅಧಿಕಾರಿಯನ್ನು ತರುವುದು, ಇಲ್ಲವೇ ಪ್ರಭಾರ, ಅಂದರೆ ಬಡ್ತಿಯಿಲ್ಲದೆ ಆ ಹುದ್ದೆಯ ಹೊಣೆಯನ್ನಷ್ಟೇ ವಹಿಸುವುದು. ಗ್ರಂಥಾಲಯ ವೃತ್ತಿಯವರು ತಮ್ಮ ಇಲಾಖೆಯ ತಲೆಯಲ್ಲಿ ಯಾಕೆ ಇರುವುದಿಲ್ಲ ಎಂಬ ಪ್ರಶ್ನೆಗೆ ಹಲವು ಸಲ ಉತ್ತರ ಇಷ್ಟೇ ಸರಳ.

ಹಿಂದಕ್ಕೆ ಎಣಿಸಿ ನೋಡಿ. 54ಕ್ಕೆ ನಿರ್ದೇಶಕರಾಗಬೇಕಾದವರು 49ಕ್ಕೆ ಕೆಳಗಿನ ವೃಂದದಲ್ಲಿರಬೇಕು. ಅದಕ್ಕೂ ಕೆಳಗೆ ಎರಡು ಮೆಟ್ಟಿಲು, ತಲಾ 6 ವರ್ಷ ಎಂದರೆ 37ರೊಳಗೆ ಸೇವೆಗೆ ಬಂದಿರಬೇಕು. ಹುದ್ದೆ ಖಾಲಿಯಾಗುವುದಕ್ಕೆ ಕಾಯುವ ದಿನ ಇದರಲ್ಲಿ ಸೇರಿಲ್ಲ. ಹಾಗಾಗಿ ಇಪ್ಪತ್ತರ ಕೊನೆಯ ವಯಸ್ಸಿನವರು ಗ್ರಂಥಪಾಲಕ ಹುದ್ದೆಗೆ ಬರುತ್ತಲೇ ಇರಬೇಕು. ಹತ್ತು ವರ್ಷ ನೇಮಕಾತಿ ನಿಂತರೆ ಆ ಹತ್ತು ವರ್ಷದ ವಯೋಮಾನವೇ ಇಲಾಖೆಯಲ್ಲಿ ಇಲ್ಲವಾಗುತ್ತದೆ. ಆಮೇಲೆ ಒಂದೇ ಸಲ ನೂರು ಜನರನ್ನು ತೆಗೆದುಕೊಂಡರೂ ಆ ಹಳ್ಳ ಮುಚ್ಚುವುದಿಲ್ಲ. ಒಟ್ಟಿಗೆ ಬಂದವರು ಹೆಚ್ಚುಕಡಿಮೆ ಒಟ್ಟಿಗೇ ನಿವೃತ್ತರಾಗುತ್ತಾರೆ.

ಖಾಲಿ ಹುದ್ದೆಯಿಂದ ಆದೇಶದವರೆಗೆ

ನೇರ ನೇಮಕಾತಿಯಾದರೆ ಆರ್ಥಿಕ ಇಲಾಖೆಯ ಸಹಮತಿ, ರೋಸ್ಟರ್ (ಮೀಸಲಾತಿಯ ಸರದಿ ಪಟ್ಟಿ) ಪ್ರಕಾರ ವರ್ಗೀಕರಣ, ಲೋಕಸೇವಾ ಆಯೋಗಕ್ಕೆ ಪ್ರಸ್ತಾವನೆ. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿ ಬಂದ ಮೇಲೆ ಸ್ಥಳೀಯ ವೃಂದ ಬೇರೆ, ಉಳಿಕೆ ಮೂಲ ವೃಂದ ಬೇರೆ; ರಾಜ್ಯ ಮಟ್ಟದ ಕಚೇರಿಗಳಲ್ಲಿ ಆ ಭಾಗದವರಿಗೆ ಶೇ 8, ಆ ಪ್ರದೇಶದ ಗ್ರೂಪ್ ಬಿ ಹುದ್ದೆಗಳಲ್ಲಿ ಶೇ 75. ಹುದ್ದೆಗಳನ್ನು ಮೊದಲು ಹೀಗೆ ವಿಂಗಡಿಸದೆ ಒಟ್ಟು ಸಂಖ್ಯೆಗೆ ರೋಸ್ಟರ್ ಹಾಕಿ ಕಳಿಸಿದ ಪ್ರಸ್ತಾವನೆ ಹಿಂದಕ್ಕೆ ಬರುತ್ತದೆ, ತಿಂಗಳುಗಳು ಕಳೆಯುತ್ತವೆ.

ಬಡ್ತಿಯಾದರೆ ಬೇಕಾದದ್ದು ಜ್ಯೇಷ್ಠತಾ ಪಟ್ಟಿ. 1957ರ ಜ್ಯೇಷ್ಠತಾ ನಿಯಮಗಳ ಪ್ರಕಾರ ತಾತ್ಕಾಲಿಕ ಪಟ್ಟಿ, ಆಕ್ಷೇಪಣೆ, ಅಂತಿಮ ಪಟ್ಟಿ. ಅತಿ ಹೆಚ್ಚು ಜಗಳ ಇಲ್ಲಿಯೇ: ಸೇರಿದ ದಿನಾಂಕ ತಪ್ಪು, ಪರೀಕ್ಷಾರ್ಥ ಅವಧಿ ಮುಗಿದದ್ದು ಘೋಷಣೆಯಾಗಿಲ್ಲ, ನೇರವಾಗಿ ಬಂದವರು ಮತ್ತು ಬಡ್ತಿಯಿಂದ ಬಂದವರ ನಡುವೆ ಮೊದಲು ಯಾರು. ಪ್ರತಿ ವರ್ಷ ಪಟ್ಟಿ ಪ್ರಕಟಿಸುವ ಕಚೇರಿಯಲ್ಲಿ ತಕರಾರು ಎರಡು ಮೂರು ಹೆಸರಿನದ್ದು. ಎಂಟು ವರ್ಷಕ್ಕೊಮ್ಮೆ ಪ್ರಕಟಿಸಿದರೆ ಇಡೀ ವೃಂದವೇ ನ್ಯಾಯಮಂಡಳಿಯಲ್ಲಿ ನಿಲ್ಲುತ್ತದೆ.

ಆಮೇಲೆ ಇಲಾಖಾ ಮುಂಬಡ್ತಿ ಸಮಿತಿ, ಅಂದರೆ ಡಿಪಿಸಿ. ಸಮಿತಿಯ ಮುಂದೆ ಪ್ರತಿಯೊಬ್ಬರದೂ ಹಿಂದಿನ ವರ್ಷಗಳ ಕಾರ್ಯನಿರ್ವಹಣಾ ವರದಿ, ಹುದ್ದೆಗೆ ಗೊತ್ತುಪಡಿಸಿದ ಇಲಾಖಾ ಪರೀಕ್ಷೆ ಪಾಸಾದ ದಾಖಲೆ, ಇಲಾಖಾ ವಿಚಾರಣೆ ಮತ್ತು ಲೋಕಾಯುಕ್ತ ಪ್ರಕರಣ ಬಾಕಿಯಿಲ್ಲವೆಂಬ ದೃಢೀಕರಣ ಇರಬೇಕು. ದೋಷಾರೋಪ ಪಟ್ಟಿ ಕೊಟ್ಟಾಗಿದ್ದರೆ ಆ ಹೆಸರಿನ ತೀರ್ಮಾನ ಪ್ರಕರಣ ಮುಗಿಯುವವರೆಗೆ ಮುಚ್ಚಿದ ಲಕೋಟೆಗೆ. ಬರೀ ದೂರು ಇದ್ದರೆ ಲಕೋಟೆಗೆ ಹಾಕುವಂತಿಲ್ಲ. ಈ ಗೆರೆ ಎಳೆದದ್ದು 1991ರ ಜಾನಕಿರಾಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್.

‘ಜ್ಯೇಷ್ಠತೆ ಸಹಿತ ಅರ್ಹತೆ’ ಎಂದರೆ ಹಿರಿಯರಿಗೆ ಹುದ್ದೆ ಗ್ಯಾರಂಟಿ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಮೈಸೂರು ರಾಜ್ಯ ವಿರುದ್ಧ ಸೈಯದ್ ಮಹಮೂದ್ ಪ್ರಕರಣದಲ್ಲಿ (1968) ಸುಪ್ರೀಂ ಕೋರ್ಟ್ ಹೇಳಿದ್ದು: ಹಿರಿತನವೊಂದರಿಂದಲೇ ಬಡ್ತಿ ಹಕ್ಕಾಗದು; ಮೇಲಿನ ಹುದ್ದೆಯ ಕೆಲಸಕ್ಕೆ ತಕ್ಕವರಲ್ಲವೆಂದು ಕಂಡುಬಂದರೆ ಬಿಟ್ಟು ಮುಂದಿನವರನ್ನು ತೆಗೆದುಕೊಳ್ಳಬಹುದು. ಹಕ್ಕಿರುವುದು ಪರಿಗಣಿಸಬೇಕೆಂಬುದಕ್ಕೆ ಮಾತ್ರ. ಆದರೆ ಬಿಡುವುದಕ್ಕೆ ಆಧಾರ ಕಾರ್ಯನಿರ್ವಹಣಾ ವರದಿಯಲ್ಲೇ ಇರಬೇಕು. ಎಲ್ಲರಿಗೂ ಎಲ್ಲ ವರ್ಷವೂ ‘ಉತ್ತಮ’ ಎಂದು ಬರೆದಿದ್ದರೆ ಸಮಿತಿಯ ಕೈ ಕಟ್ಟಿದಂತೆಯೇ. ಆದ್ದರಿಂದ ವರದಿ ಬರೆಯುವ ಅಧಿಕಾರಿ ‘ಶ್ರದ್ಧೆಯಿಂದ ಕೆಲಸ ಮಾಡುತ್ತಾರೆ’ ಎಂಬುದರ ಬದಲು ‘ವಸೂಲಾದ ಕರದಲ್ಲಿ ಜಮೆಯಾಗದ ಮೊತ್ತವನ್ನು 9 ಲಕ್ಷದಿಂದ 2 ಲಕ್ಷಕ್ಕೆ ಇಳಿಸಿದ್ದಾರೆ’ ಎಂದು ಬರೆಯಬೇಕು. ಮುಂದೆ ಡಿಪಿಸಿಗೆ ಹಿಡಿಯಲು ಸಿಗುವುದು ಅಂಥ ಸಾಲು.

ಪ್ರಭಾರ

ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯ ನಿಯಮ 32 ಸ್ವತಂತ್ರ ಪ್ರಭಾರಕ್ಕೆ, ನಿಯಮ 68 ಹೆಚ್ಚುವರಿ ಪ್ರಭಾರಕ್ಕೆ. ಮೊದಲನೆಯದರಲ್ಲಿ ಕೆಳಗಿನ ವೃಂದದವರು ಮೇಲಿನ ಖಾಲಿ ಹುದ್ದೆಯ ಹೊಣೆ ಹೊರುತ್ತಾರೆ. ಎರಡನೆಯದರಲ್ಲಿ ತಮ್ಮ ಹುದ್ದೆಯ ಜೊತೆಗೆ ಇನ್ನೊಂದನ್ನೂ ನೋಡಿಕೊಳ್ಳುತ್ತಾರೆ. ಎರಡೂ ಬಡ್ತಿಯಲ್ಲ, ಜ್ಯೇಷ್ಠತೆ ತರುವುದಿಲ್ಲ. ಒಂದೆರಡು ತಿಂಗಳಿಗೆ ಇದು ಬೇಕಾದ ವ್ಯವಸ್ಥೆ. ವರ್ಷಗಟ್ಟಲೆ ಎಳೆದರೆ ಹಾನಿ ಕಣ್ಣಿಗೆ ಕಾಣುತ್ತದೆ: ಒಬ್ಬರೇ ಎರಡು ಜಿಲ್ಲೆ ನೋಡುವಾಗ ಶಾಖೆಗಳ ತಪಾಸಣೆ ನಿಲ್ಲುತ್ತದೆ, ಟೆಂಡರ್‌ನಂಥ ದೊಡ್ಡ ತೀರ್ಮಾನ ‘ಕಾಯಂ ಅಧಿಕಾರಿ ಬಂದ ಮೇಲೆ’ ಎಂದು ಮುಂದಕ್ಕೆ ಹೋಗುತ್ತದೆ, ಮಾರ್ಚ್ 31ಕ್ಕೆ ಅನುದಾನ ಖರ್ಚಾಗದೆ ಉಳಿಯುತ್ತದೆ.

ನಿಯೋಜನೆ ಮತ್ತು ಸಂದರ್ಶನ

ಕೇಂದ್ರ ಸರ್ಕಾರದ ಕಡೆ ಹಿರಿಯ ಹುದ್ದೆಗಳನ್ನು ನಿಯೋಜನೆ (ಬೇರೆ ಇಲಾಖೆಯಿಂದ ಕೆಲ ಕಾಲಕ್ಕೆ ಕರೆಸಿಕೊಳ್ಳುವುದು) ಮೇಲೆ ತುಂಬುವುದು ಸಾಮಾನ್ಯ. ಅರ್ಜಿ ಮಾತೃ ಇಲಾಖೆಯ ಮೂಲಕವೇ ಹೋಗಬೇಕು, ಜೊತೆಗೆ 5 ವರ್ಷದ ವರದಿಗಳು, ವಿಚಕ್ಷಣಾ ದೃಢೀಕರಣ. ವಯಸ್ಸು ಸಾಮಾನ್ಯವಾಗಿ 56 ಮೀರಿರಬಾರದು. ಅರ್ಜಿ ಕೆಡುವುದು ಅರ್ಹತೆಯಿಂದಲ್ಲ: ಕಡತ ಮಾತೃ ಇಲಾಖೆಯ ಮೇಜಿನಲ್ಲೇ ಕೊನೆಯ ದಿನಾಂಕ ದಾಟುತ್ತದೆ, ಆಯ್ಕೆಯಾದರೂ ‘ಬದಲಿ ಅಧಿಕಾರಿ ಇಲ್ಲ’ ಎಂದು ಬಿಡುಗಡೆ ಸಿಗುವುದಿಲ್ಲ.

ಸಂದರ್ಶನ ನಡೆಸುವ ಕಡೆಗಳಲ್ಲಿ ಒಂದು ಕ್ರಮ ತಪ್ಪದೆ ಪಾಲಿಸಬೇಕು: ಎಲ್ಲರಿಗೂ ಅವೇ ಪ್ರಶ್ನೆ, ಪ್ರತಿ ಪ್ರಶ್ನೆಗೆ ಅಂಕದ ಅಳತೆ ಮೊದಲೇ ಬರೆದಿಟ್ಟದ್ದು, ಸದಸ್ಯರು ಪರಸ್ಪರ ಮಾತಾಡುವ ಮುನ್ನವೇ ಅಂಕ ಹಾಕುವುದು. ಮೊದಲು ಚರ್ಚಿಸಿದರೆ ಎಲ್ಲರ ಅಂಕವೂ ಅಧ್ಯಕ್ಷರ ಅಂಕದ ಸುತ್ತಲೇ ಬಂದು ಕೂರುತ್ತದೆ. ಸಮಿತಿಯಲ್ಲಿ ಸಾರ್ವಜನಿಕ ಗ್ರಂಥಾಲಯ ನಡೆಸಿದ ಅನುಭವವಿರುವ ಒಬ್ಬರಾದರೂ ಇರಲಿ. ವಿಶ್ವವಿದ್ಯಾಲಯದ ಪ್ರಾಧ್ಯಾಪಕರಷ್ಟೇ ಇದ್ದರೆ ಪ್ರಶ್ನೆಗಳು ವರ್ಗೀಕರಣ ಪದ್ಧತಿಯಲ್ಲೇ ಸುತ್ತುತ್ತವೆ. ಅದಕ್ಕಿಂತ ಮೇಲೆ ಹೇಳಿದ ಡಿಸಿಬಿ ತಃಖ್ತೆಯ ಒಂದು ಪುಟ ಕೊಟ್ಟು, 40 ನಿಮಿಷದಲ್ಲಿ ಸ್ಥಳೀಯ ಸಂಸ್ಥೆಯ ಆಯುಕ್ತರಿಗೆ ಪತ್ರ ಬರೆಸಿ. 6 ಮತ್ತು 9 ಲಕ್ಷವನ್ನು ಬೇರೆ ಮಾಡಿದವರಾರು, ಕನ್ನಡದಲ್ಲಿ ಸ್ಪಷ್ಟವಾಗಿ ಕೇಳಿದವರಾರು ಎಂಬುದು ಆ ಹಾಳೆಯಲ್ಲೇ ಗೊತ್ತಾಗುತ್ತದೆ.

ಹಸ್ತಾಂತರ

ನಿವೃತ್ತಿ ತಿಂಗಳ ಕೊನೆಯ ದಿನ. ಬಡ್ತಿ ಆದೇಶ ಬರುವುದು ಅದಾದ ಎಷ್ಟೋ ದಿನಕ್ಕೆ. ಹಾಗಾಗಿ ಹೊಸಬರು ಬಂದಾಗ ಅಧಿಕಾರ ವಹಿಸಿಕೊಡುವವರೇ ಅಲ್ಲಿರುವುದಿಲ್ಲ. ಸಿಟಿಸಿಗೆ (ಅಧಿಕಾರ ಹಸ್ತಾಂತರದ ಪ್ರಮಾಣಪತ್ರ) ಪ್ರಭಾರದವರು ಸಹಿ ಹಾಕುತ್ತಾರೆ, ಹಳೆಯ ಸಂಗತಿ ಅವರಿಗೂ ಗೊತ್ತಿರುವುದಿಲ್ಲ. ಮುಂದಿನ ವರ್ಷ ಯಾರು ಯಾವ ತಿಂಗಳು ನಿವೃತ್ತರಾಗುತ್ತಾರೆ ಎಂಬುದು ಜನ್ಮದಿನಾಂಕದಿಂದ ಈಗಲೇ ತಿಳಿದಿರುವ ವಿಷಯ. ಆ ಪಟ್ಟಿ ಇಟ್ಟುಕೊಂಡು ಡಿಪಿಸಿಯನ್ನು ಮುಂಚಿತವಾಗಿ ನಡೆಸಿದರೆ ಕೊನೆಯ ವಾರದಲ್ಲಿ ಇಬ್ಬರೂ ಕೂತು ನಗದು ಪುಸ್ತಕ, ಬ್ಯಾಂಕ್ ಖಾತೆಗಳ ತಾಳೆ, ಪುಸ್ತಕಗಳ ಪರಿಗ್ರಹಣ ವಹಿ (ಬಂದ ಪುಸ್ತಕಗಳ ದಾಖಲೆ), ಬಾಕಿ ಬಿಲ್ಲು, ನ್ಯಾಯಾಲಯದ ಪ್ರಕರಣ, ಉತ್ತರಿಸದ ಆಡಿಟ್ ಕಂಡಿಕೆ, ಬಾಡಿಗೆ ಕಟ್ಟಡಗಳ ಕರಾರು ಮುಗಿಯುವ ದಿನಾಂಕ ಇಷ್ಟನ್ನು ಒಂದೊಂದಾಗಿ ನೋಡಿ ಸಹಿ ಹಾಕಬಹುದು. ಶಾಖಾ ಗ್ರಂಥಾಲಯದ ಬಾಡಿಗೆ ಕರಾರು ಮುಗಿದದ್ದು ಹೊಸಬರಿಗೆ ತಿಳಿಯುವುದು ಮಾಲೀಕರು ಬೀಗ ಹಾಕಿದ ಮೇಲೆ. ಪಟ್ಟಿಯಲ್ಲಿ ಆ ಒಂದು ಕಾಲಂ ಕಡ್ಡಾಯವಾಗಿ ಇರಲಿ.