ಮತ ಹಾಕದವರಿಗೆ ದಂಡ: ನೋಟಿಸ್ ಯಾರ ಮನೆಗೆ?

ಚುನಾವಣೆ ಮುಗಿದ ಮರುದಿನ ಕಾರವಾರದ ಕೋರ್ಟ್ ಆವರಣದಲ್ಲಿ ಒಂದು ಮಾತು ಕೇಳಿಯೇ ಕೇಳುತ್ತದೆ. "ಮತ ಹಾಕದವರಿಗೆ ಐನೂರು ರೂಪಾಯಿ ದಂಡ ಹಾಕಿ, ರೇಷನ್ ನಿಲ್ಲಿಸಿ, ಆಗ ಬರ್ತಾರೆ ನೋಡಿ." ಹೇಳುವವರು ಕೆಟ್ಟವರಲ್ಲ. ಮತದಾನದ ರಜೆಯನ್ನು ಗೋಕರ್ಣ, ದಾಂಡೇಲಿ ಸುತ್ತಲು ಬಳಸುವವರನ್ನು ನೋಡಿ ಅವರಿಗೆ ಸಿಟ್ಟು ಬಂದಿರುತ್ತದೆ. ಆದರೆ ವಕೀಲಿ ಮಾಡುವ ನನಗೆ ಮೊದಲು ಕಣ್ಣಿಗೆ ಬರುವುದು ಆ ದಂಡದ ನೋಟಿಸ್. ಅದು ಯಾರ ಮನೆಗೆ ಹೋಗುತ್ತದೆ?

ನಮ್ಮ ಕಡೆ ಮೊದಲು ಹೋಗುವುದು ಬೋಟಿನವರ ಮನೆಗೆ. ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಇರುವುದು ಜೂನ್ 1ರಿಂದ ಜುಲೈ 31ರ ತನಕ. ವಿಧಾನಸಭೆಗೆ ಮತದಾನ ನಡೆದದ್ದು 2023ರ ಮೇ 10ಕ್ಕೆ, ಲೋಕಸಭೆಗೆ 2024ರ ಮೇ 7ಕ್ಕೆ. ಎರಡೂ ಸಲ ಬೋಟುಗಳು ನೀರಿಗಿಳಿದಿರುವ ಕಾಲ. ಬೈತಖೋಲ ಬಂದರಿನ ಬೋಟು ಬಿಡಿ, ಮಲ್ಪೆ, ಗೋವಾ, ರತ್ನಾಗಿರಿಯ ಬೋಟುಗಳ ಮೇಲೂ ನಮ್ಮ ಹೊನ್ನಾವರ, ಭಟ್ಕಳ, ಅಂಕೋಲಾದ ಹುಡುಗರು ಇದ್ದಾರೆ. ಆಳಸಮುದ್ರಕ್ಕೆ ಹೋದ ಟ್ರಾಲರ್ ಎಂಟು-ಹತ್ತು ದಿನ ದಡಕ್ಕೆ ಬರುವುದಿಲ್ಲ. ಒಬ್ಬ ಖಲಾಸಿಯ (ಬೋಟಿನ ಕೆಲಸಗಾರನ) ಮತಕ್ಕಾಗಿ ಬೋಟು ನಡೆಸುವ ತಾಂಡೇಲ ಅದನ್ನು ತಿರುಗಿಸಲಾರ, ಡೀಸೆಲ್ ಲೆಕ್ಕ ಇರುತ್ತದೆ ಅಲ್ವಾ?

ಇಲ್ಲೇ ಅರ್ಗಾದಲ್ಲಿರುವ ನೌಕಾನೆಲೆಯವರಿಗೆ ಅಂಚೆ ಮತ ಇದೆ. ಸೇನೆಯವರಿಗೆ 2016ರಿಂದ ಖಾಲಿ ಮತಪತ್ರ ಆನ್‌ಲೈನ್‌ನಲ್ಲೇ ಬರುತ್ತದೆ. 85 ವರ್ಷ ದಾಟಿದವರು, ಶೇ 40 ಅಥವಾ ಜಾಸ್ತಿ ಅಂಗವೈಕಲ್ಯ ಇರುವವರು ಮನೆಯಿಂದಲೇ ಮತ ಹಾಕಬಹುದು. ಇವೆಲ್ಲ ಬಹಳ ಒಳ್ಳೆಯ ಏರ್ಪಾಡುಗಳು. ಆದರೆ ಅದೇ ಸಮುದ್ರದಲ್ಲಿ ಬಲೆ ಎಳೆಯುವವನಿಗೆ ಯಾವ ದಾರಿಯೂ ಇಲ್ಲ. ಅವನ ಮೇಲೆ ದಂಡ ಹೇಗೆ ಹಾಕುತ್ತೀರಿ?

ದಡದ ಮೇಲೆ ದುಡಿಯುವವರಿಗೆ ಕಾನೂನಿನ ಬೆಂಬಲ ಸ್ವಲ್ಪ ಇದೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ ಕಲಂ 135ಬಿ ಪ್ರಕಾರ ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕು, ದಿನಗೂಲಿಯವರಿಗೂ. 2023ರಲ್ಲಿ ನಮ್ಮ ಚುನಾವಣೆಗೆ ಗೋವಾ ಸರಕಾರವೂ ರಜೆ ಘೋಷಿಸಿತು, ಅಲ್ಲಿಯ ಕೈಗಾರಿಕೆಯವರು ತಕರಾರು ತೆಗೆದರು. ರಜೆ ಕೊಡದ ಮಾಲಕನಿಗೆ ದಂಡ ಎಷ್ಟು ಗೊತ್ತಾ? ಹೆಚ್ಚೆಂದರೆ ಐನೂರು ರೂಪಾಯಿ. ಕೂಲಿಯವನಿಗೂ ಅಷ್ಟೇ, ಮಾಲಕನಿಗೂ ಅಷ್ಟೇ ಅಂದರೆ ನ್ಯಾಯ ಆಗುವುದಿಲ್ಲ.

ಕಡ್ಡಾಯ ಮತದಾನದ ಮಾತು ಬಂದಾಗ ಎಲ್ಲರೂ ಆಸ್ಟ್ರೇಲಿಯಾದ ಹೆಸರು ಹೇಳುತ್ತಾರೆ. ಹೌದು, ಅಲ್ಲಿ 1924ರಿಂದ ಕಡ್ಡಾಯ. ಆದರೆ ಅಲ್ಲಿ ಮತದಾನ ಶನಿವಾರ ಇರುತ್ತದೆ. ಮೊದಲೇ ಹೋಗಿ ಹಾಕಬಹುದು, ಅಂಚೆಯಲ್ಲಿ ಕಳಿಸಬಹುದು, ರಾಜ್ಯದೊಳಗೆ ಬೇರೆ ಊರಿನಲ್ಲಿದ್ದರೆ ಅಲ್ಲಿಯ ಮತಗಟ್ಟೆಯಲ್ಲೇ ಹಾಕಬಹುದು. ಸರಿಯಾದ ಕಾರಣ ಕೊಟ್ಟರೆ ದಂಡವೂ ಇಲ್ಲ. ಇಷ್ಟೆಲ್ಲ ಮಾಡಿಕೊಟ್ಟವರು ದಂಡ ಕೇಳಿದರೆ ಒಪ್ಪೋಣ. ನಮ್ಮಲ್ಲಿ ಗುಜರಾತ್ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಇಂಥ ಕಾನೂನು ತಂದಿತ್ತು, 2015ರಲ್ಲಿ ಅಲ್ಲಿಯ ಹೈಕೋರ್ಟ್ ತಡೆ ಕೊಟ್ಟಿತು. ಅದೇ ವರ್ಷ ಕಾನೂನು ಆಯೋಗವೂ ತನ್ನ 255ನೇ ವರದಿಯಲ್ಲಿ ಕಡ್ಡಾಯ ಬೇಡ ಎಂದಿತು.

ಇನ್ನು ಕೆಲವರು ಓದಿದವರಿಗೆ ಮಾತ್ರ, ತೆರಿಗೆ ಕಟ್ಟುವವರಿಗೆ ಮಾತ್ರ ಮತ ಇರಲಿ ಅನ್ನುತ್ತಾರೆ. ನಮ್ಮ ಜಿಲ್ಲೆಯವರು ಈ ಮಾತು ಆಡಬಾರದು. ಬ್ರಿಟಿಷರ ಕಾಲದಲ್ಲಿ ಇಲ್ಲಿ ಇದ್ದದ್ದು ಅದೇ: ಆಸ್ತಿ, ಕಂದಾಯ, ಓದು ಇದ್ದವರಿಗೆ ಮತ. 1930ರ ದಶಕದ ಕರನಿರಾಕರಣೆಯಲ್ಲಿ ಅಂಕೋಲಾ, ಸಿದ್ದಾಪುರದ ಎಷ್ಟೋ ರೈತರು ದೇಶಕ್ಕಾಗಿ ಜಮೀನನ್ನೇ ಕಳೆದುಕೊಂಡರು. ಆಸ್ತಿಯ ಲೆಕ್ಕ ಹಿಡಿದರೆ ಮತಪಟ್ಟಿಯಿಂದ ಮೊದಲು ಹೊರಗೆ ಬೀಳುವವರು ಅವರೇ.

ಹಾಗಾದರೆ ಇವತ್ತು ಕಾನೂನು ಯಾರನ್ನು ಹೊರಗೆ ಇಟ್ಟಿದೆ? ಈ ದೇಶದ ಪ್ರಜೆ ಅಲ್ಲದವರಿಗೆ ಮತ ಇಲ್ಲ. ಇಲ್ಲಿ ಸುಮ್ನೆ ಮುಖ ನೋಡಿ ತೀರ್ಮಾನಿಸುವ ಹಾಗಿಲ್ಲ. ಮುಂಡಗೋಡಿನ ಟಿಬೆಟನ್ ಕಾಲನಿಯಲ್ಲಿ ಇರುವವರೆಲ್ಲ ವಿದೇಶಿಗಳು ಎಂದು ತಿಳಿದವರು ಜಾಸ್ತಿ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಇದನ್ನು ಒಪ್ಪಿತು, ಮರುವರ್ಷ ಚುನಾವಣಾ ಆಯೋಗ ಅಂಥವರ ಹೆಸರು ಸೇರಿಸಲು ಹೇಳಿತು. ಮಾನಸಿಕ ಅಸ್ವಸ್ಥರ ವಿಷಯದಲ್ಲೂ ಹಾಗೆಯೇ. ಕೋರ್ಟ್ ತೀರ್ಮಾನ ಇರಬೇಕು. ಮನೆಯವರು ಹೇಳಿದರು, ಔಷಧ ನಡೀತಾ ಇದೆ ಎಂದು ಯಾರ ಹೆಸರನ್ನೂ ತೆಗೆಯುವ ಹಾಗಿಲ್ಲ.

ನನ್ನನ್ನು ಕಾಡುವುದು ಮೂರನೆಯವರು, ಜೈಲಿನಲ್ಲಿ ಇರುವವರು. 2024ರ ಮತದಾನಕ್ಕೆ ಮೊದಲು ಒಬ್ಬ ತಾಯಿ ಆಫೀಸಿಗೆ ಬಂದರು. ಸೆರಗಿನ ತುದಿಯಲ್ಲಿ ಮಗನ ಮತದಾರರ ಚೀಟಿ ಕಟ್ಟಿಕೊಂಡು ತಂದಿದ್ದರು. "ವಕೀಲ್ರೇ, ಇದನ್ನ ಜೈಲಿಗೆ ಕೊಟ್ಟು ಬರ್ಲಾ? ಅಲ್ಲೇ ಹಾಕ್ತಾನೆ ಅಲ್ದಾ?" ಎಂದು ಕೇಳಿದರು. ಇಲ್ಲ ಎನ್ನಬೇಕಾಯಿತು. ಅದೇ ಕಾಯ್ದೆಯ ಕಲಂ 62(5) ಪ್ರಕಾರ ಜೈಲಿನಲ್ಲಿ ಇರುವವರು, ಪೊಲೀಸ್ ವಶದಲ್ಲಿ ಇರುವವರು ಮತ ಹಾಕುವ ಹಾಗಿಲ್ಲ. ಶಿಕ್ಷೆ ಆಗಿದೆಯೋ ಇಲ್ಲವೋ ಎಂದು ಆ ಕಲಂ ಕೇಳುವುದಿಲ್ಲ.

ಆ ಹುಡುಗನ ಮೇಲಿನ ಆರೋಪ ಸಾಬೀತಾಗಿರಲಿಲ್ಲ. ಕೋರ್ಟ್ ಜಾಮೀನು ಕೂಡ ಕೊಟ್ಟಿತ್ತು. ಸಿಗದೇ ಹೋದದ್ದು ಪಹಣಿ ಹಿಡಿದು ಜಾಮೀನು ನಿಲ್ಲುವವರು. ಅವನ ಮನೆ, ಮಾವನ ಮನೆ, ಪಕ್ಕದ ಮನೆ ಎಲ್ಲ ಅತಿಕ್ರಮಣ ಜಾಗದಲ್ಲಿ. ಅರಣ್ಯ ಹಕ್ಕಿನ ಅರ್ಜಿ ಕೊಟ್ಟು ಕಾಯುತ್ತಿರುವ ಕೇರಿ ಅದು. ಪಹಣಿ ಎಲ್ಲಿಂದ ತರಬೇಕು? ಅದೇ ಪ್ರಕರಣದ ಇನ್ನೊಬ್ಬ ಆರೋಪಿಗೆ ತೋಟ ಇರುವ ಅಣ್ಣ ಇದ್ದ. ಅವನು ಹೊರಗೆ ಬಂದು ಮೇ 7ರಂದು ಮತ ಹಾಕಿದ. ಆಸ್ತಿ ನೋಡಿ ಮತ ಕೊಡುವ ಪದ್ಧತಿ ಸಂವಿಧಾನ ಬಂದಾಗಲೇ ಹೋಯಿತು ಎನ್ನುತ್ತೇವೆ. ಜೈಲಿನ ಗೇಟಿನ ಹತ್ತಿರ ಅದು ಇನ್ನೂ ಇದೆ.

1997ರಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಎತ್ತಿಹಿಡಿಯಿತು. ತನ್ನ ನಡತೆಯಿಂದ ಜೈಲಿಗೆ ಬಂದವನು ಹೊರಗಿನವನಷ್ಟೇ ಸ್ವಾತಂತ್ರ್ಯ ಕೇಳಲಾರ, ಪೊಲೀಸ್ ಬಂದೋಬಸ್ತ್ ಕಷ್ಟ ಎಂಬ ಕಾರಣಗಳನ್ನು ಕೊಟ್ಟಿತು. ಶಿಕ್ಷೆ ಆದವರ ಬಗ್ಗೆ ವಾದ ಮಾಡಲು ನಾನು ಹೋಗುವುದಿಲ್ಲ. ಆದರೆ ನಮ್ಮ ಜೈಲುಗಳಲ್ಲಿ ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು. ಅವರ ನಡತೆ ಇನ್ನೂ ತೀರ್ಮಾನವೇ ಆಗಿಲ್ಲ. ಅವರು ಚುನಾವಣೆಗೆ ನಿಲ್ಲಬಹುದು, 2013ರ ತಿದ್ದುಪಡಿ ಅದಕ್ಕೆ ದಾರಿ ಮಾಡಿಕೊಟ್ಟಿದೆ. 2024ರಲ್ಲಿ ವಿಚಾರಣಾಧೀನ ಕೈದಿ ಅಬ್ದುಲ್ ರಶೀದ್ ಶೇಖ್ ದೆಹಲಿಯ ತಿಹಾರ್ ಜೈಲಿನಲ್ಲಿದ್ದುಕೊಂಡೇ ಕಾಶ್ಮೀರದ ಬಾರಾಮುಲ್ಲಾದಿಂದ ಲೋಕಸಭೆಗೆ ಗೆದ್ದರು. ಒಳಗಿದ್ದುಕೊಂಡು ಮತ ಕೇಳಬಹುದು, ಹಾಕಬಾರದು. ಇದು ಯಾವ ನ್ಯಾಯ?

ಬಂದೋಬಸ್ತ್ ಕಷ್ಟ ಎನ್ನುವುದಕ್ಕೂ ಉತ್ತರ ಕಾನೂನಿನಲ್ಲೇ ಇದೆ. ಮುಂಜಾಗ್ರತೆಯ ಬಂಧನದಲ್ಲಿ, ಅಂದರೆ ಮುಂದೆ ತೊಂದರೆ ಮಾಡಬಹುದು ಎಂದು ಮೊದಲೇ ಹಿಡಿದಿಟ್ಟ ಬಂಧನದಲ್ಲಿ ಇರುವವರಿಗೆ ಅಂಚೆ ಮತ ಇದೆ. ಮತಪತ್ರ ಜೈಲಿಗೇ ಹೋಗುತ್ತದೆ. ಆ ಅವಕಾಶವನ್ನು ವಿಚಾರಣಾಧೀನರಿಗೂ ಕೊಡಬೇಕು. ಬೋಟಿನವರಿಗೂ ಅಂಚೆ ಮತ ಬೇಕು. ಇದಕ್ಕೆಲ್ಲ ಹೊಸ ಯಂತ್ರ ಬೇಡ, ಮನಸ್ಸು ಮಾಡಬೇಕು.

ಅದು ಆಗುವ ತನಕ ಮನೆಯವರು ಒಂದು ವಿಷಯ ತಿಳಿದುಕೊಂಡಿರಿ. ಜೈಲಿಗೆ ಹೋದ ಮಾತ್ರಕ್ಕೆ ಯಾರ ಹೆಸರೂ ಮತದಾರರ ಪಟ್ಟಿಯಿಂದ ಹೋಗುವುದಿಲ್ಲ. ಇದನ್ನು 2013ರ ತಿದ್ದುಪಡಿಯೇ ಹೇಳಿದೆ. ಮನೆಗೆ ಬಂದ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) "ಅವನು ಒಳಗಿದ್ದಾನೆ, ಹೆಸರು ತೆಗೀತೇವೆ" ಎಂದರೆ ಒಪ್ಪಬೇಡಿ, ಹೆಸರು ತೆಗೆಸುವ ಅರ್ಜಿಯಾದ ನಮೂನೆ 7ಕ್ಕೆ ಸಹಿ ಹಾಕಬೇಡಿ. ಜಾಮೀನು ಸಿಕ್ಕಿಯೂ ಬಿಡುಗಡೆ ಆಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಷರತ್ತು ಸಡಿಲಿಸಲು ಅರ್ಜಿ ಕೊಡಿಸಿ, ವಕೀಲರ ಫೀ ಕೊಡಬೇಕಾಗಿಲ್ಲ. ಮತದಾನದ ಹಿಂದಿನ ಸಂಜೆ ಬಿಡುಗಡೆ ಆದರೂ ಬೆಳಿಗ್ಗೆ ಅವನು ಸಾಲಿನಲ್ಲಿ ನಿಲ್ಲಬಹುದು.